ದೊಡ್ಡಮ್ಮನ ಮಾತ್ರೆ ಮತ್ತು ಡಾಕ್ಟರರ ಎಚ್-ಇಂಡೆಕ್ಸ್

ದಾವಣಗೆರೆಯಲ್ಲಿರುವ ದೊಡ್ಡಮ್ಮ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ರಕ್ತ ಕೊಟ್ಟಾಗ ಬಿಳಿ ರಕ್ತಕಣಗಳ ಎಣಿಕೆ ಲಕ್ಷ ದಾಟಿದ್ದು ಕಂಡುಬಂತು. ಹದಿನೈದು ದಿನಗಳಲ್ಲಿ ಅದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಎಂದು ಖಚಿತವಾಯಿತು. ಮುಂದಿನ ಭಾನುವಾರ ಅವರ ಮಗ, ನನಗೆ ಅಣ್ಣ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ. ಆ ದಿನ ಯಾರ ಮನೆಯಲ್ಲೂ ಅಡುಗೆ ಸರಿಯಾದ ಹೊತ್ತಿಗೆ ಆಗಲಿಲ್ಲ. ಎಲ್ಲರ ಒಪ್ಪಿಗೆ ಪಡೆದು ಆ ಮಾತುಕತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ತೆಗೆದು ಸಂಬಂಧಗಳನ್ನಷ್ಟೇ ಉಳಿಸಿದ್ದೇನೆ. ವಾಕ್ಯಗಳು ಇಷ್ಟು ಪೂರ್ಣವಾಗಿವೆಯಲ್ಲ ಎಂದು ಆಶ್ಚರ್ಯಪಡಬೇಡಿ: ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನಿವೃತ್ತರಾದ ಮಾವ ಅಡ್ಮಿನ್ ಆದಂದಿನಿಂದ ಈ ಗುಂಪಿನಲ್ಲಿ ಅರ್ಧಂಬರ್ಧ ವಾಕ್ಯಕ್ಕೂ ಹೆಬ್ಬೆರಳಿನ ಚಿತ್ರಕ್ಕೂ ಪ್ರವೇಶವಿಲ್ಲ.

ಅಣ್ಣ: ಇದು ಬೆಂಗಳೂರಿನ ರಕ್ತರೋಗ ತಜ್ಞರೊಬ್ಬರ ಗೂಗಲ್ ಸ್ಕಾಲರ್ ಪುಟ, ಅಂದರೆ ಅವರ ಪ್ರಬಂಧಗಳನ್ನೂ ಅವುಗಳಿಗೆ ಬಂದ ಉಲ್ಲೇಖಗಳನ್ನೂ ಪಟ್ಟಿಮಾಡುವ ಪುಟ. ಇವರ ಪ್ರಬಂಧಗಳನ್ನು ಸಾವಿರಾರು ಮಂದಿ ಸಂಶೋಧಕರು ಉಲ್ಲೇಖಿಸಿದ್ದಾರೆ, ಎಚ್-ಇಂಡೆಕ್ಸ್ ಬಹಳ ಎತ್ತರದಲ್ಲಿದೆ, ಸ್ಟ್ಯಾನ್‌ಫರ್ಡ್ ಪ್ರಕಟಿಸುವ ವಿಶ್ವದ ಅಗ್ರ ಶೇಕಡಾ 2ರ ವಿಜ್ಞಾನಿಗಳ ಪಟ್ಟಿಯಲ್ಲೂ ಇದ್ದಾರೆ. ಈಗ ಅಮ್ಮನನ್ನು ನೋಡುತ್ತಿರುವ ದಾವಣಗೆರೆಯ ಡಾಕ್ಟರರ ಹೆಸರಿನಲ್ಲಿ ಹುಡುಕಿದರೆ ನಾಲ್ಕು ಪ್ರಬಂಧಗಳೂ ಸಿಗುವುದಿಲ್ಲ. ಅಮ್ಮನನ್ನು ಇವರಲ್ಲಿಗೆ ಕರೆತರುವುದೆಂದು ನಾನು ತೀರ್ಮಾನಿಸಿದ್ದೇನೆ.

ಅಪ್ಪ: ತೀರ್ಮಾನಿಸಿದ ಮೇಲೆ ಗುಂಪಿನಲ್ಲಿ ಹಾಕಿದ್ದು ಅಭಿಪ್ರಾಯ ಕೇಳುವುದಕ್ಕೋ ಅಥವಾ ಸುತ್ತೋಲೆ ಹೊರಡಿಸುವುದಕ್ಕೋ? ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಬ್ಯಾಲೆನ್ಸ್ ಶೀಟ್ ನೋಡಿದವನು ನಾನು. ಕೊನೆಯ ಸಾಲಿನ ಮೊತ್ತ ನೋಡಿ ಸಾಲ ಕೊಟ್ಟವರೆಲ್ಲ ಆಮೇಲೆ ವಸೂಲಿಗೆ ಅಲೆದಿದ್ದಾರೆ.

ಮಾವ: ಮೊದಲು ಒಂದು ತಿದ್ದುಪಡಿ. ಆ ಶೇಕಡಾ 2ರ ಪಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಹೋದ್ಯೋಗಿಗಳು ಸ್ಕೋಪಸ್ ಎಂಬ ಪ್ರಬಂಧ-ಉಲ್ಲೇಖಗಳ ಕೋಶದ ದತ್ತಾಂಶದಿಂದ ತಯಾರಿಸಿ 2019ರಲ್ಲಿ ಒಂದು ಪ್ರಬಂಧದ ಮೂಲಕ ಹೊರತಂದ ದತ್ತಸಂಚಯ ಅದು. ಒಬ್ಬರ ಉಲ್ಲೇಖಗಳಲ್ಲಿ ತಮ್ಮ ಪ್ರಬಂಧಗಳನ್ನು ತಾವೇ ಉಲ್ಲೇಖಿಸಿಕೊಂಡ ಪಾಲು ಎಷ್ಟು ಎಂಬುದನ್ನೂ ಅದು ಪ್ರತ್ಯೇಕವಾಗಿ ತೋರಿಸುತ್ತದೆ. ನಮ್ಮ ಕಾಲೇಜುಗಳು ಫ್ಲೆಕ್ಸ್ ಹಾಕುವಾಗ ಆ ಕಾಲಮ್ಮನ್ನು ಮಾತ್ರ ಬಿಟ್ಟುಬಿಡುತ್ತವೆ.

ಎರಡನೆಯದು, ಎಚ್-ಇಂಡೆಕ್ಸ್. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಲೆಕ್ಕ ಇದು. ಒಬ್ಬರ ಪ್ರಬಂಧಗಳಲ್ಲಿ ಹತ್ತು ಪ್ರಬಂಧಗಳು ತಲಾ ಕನಿಷ್ಠ ಹತ್ತು ಸಲ ಉಲ್ಲೇಖಗೊಂಡಿದ್ದು, ಹನ್ನೊಂದಕ್ಕೆ ಆ ಮಾತು ಸಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು, ಅದನ್ನು ಹತ್ತು ಸಾವಿರ ಮಂದಿ ಉಲ್ಲೇಖಿಸಿದರೂ ಅವರ ಎಚ್-ಇಂಡೆಕ್ಸ್ ಒಂದೇ. ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಾನು ಕೆಲಸ ಬಿಟ್ಟು ಹಾಯಾಗಿ ಕುಳಿತಿದ್ದರೂ ನನ್ನದು ಕೆಳಗಿಳಿದಿಲ್ಲ.

ಅಣ್ಣ: ಮಾವ, ನೀವು ಹೇಳಿದ ದೋಷಗಳೆಲ್ಲ ನಿಜವೇ ಇರಬಹುದು. ಆದರೆ ಈ ಲೆಕ್ಕವನ್ನು ಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದೇನು? ಚಿಕ್ಕಪ್ಪನ ಬ್ಯಾಂಕಿನ ಸ್ನೇಹಿತರೊಬ್ಬರ ಷಡ್ಡಕನಿಗೆ ಗುಣವಾಯಿತಂತೆ ಎಂಬ ಮಾತೋ, ಆಸ್ಪತ್ರೆಯವರೇ ಬರೆಸಿದ ಜಾಹೀರಾತೋ? ಅವೆರಡಕ್ಕಿಂತ, ಪ್ರಪಂಚದ ಬೇರೆ ಬೇರೆ ಊರುಗಳಲ್ಲಿ ಕುಳಿತ, ಇವರ ಮುಖವನ್ನೇ ನೋಡದ ಸಂಶೋಧಕರು ತಮ್ಮ ಬರಹದಲ್ಲಿ ಇವರ ಹೆಸರು ಬರೆದರು ಎಂಬುದು ಹೆಚ್ಚು ನಂಬಲರ್ಹವಾದ ಸಾಕ್ಷಿಯಲ್ಲವೇ?

ಮಾವ: ಈ ಪ್ರಶ್ನೆ ನ್ಯಾಯವಾಗಿದೆ, ಒಪ್ಪುತ್ತೇನೆ. ಆದರೆ ಅವರು ಹೆಸರು ಬರೆದದ್ದು ಯಾತಕ್ಕೆ ಎಂದು ಕೇಳಬೇಕಾಗುತ್ತದೆ. ಉಲ್ಲೇಖಗಳ ಸೂಚಿಯನ್ನು 1964ರಲ್ಲಿ ಹೊರತಂದವರು ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್. ಒಂದು ಪ್ರಬಂಧವನ್ನು ಆಮೇಲೆ ಯಾರು ಯಾರು ಬಳಸಿಕೊಂಡರು ಎಂದು ಹುಡುಕುವುದಕ್ಕೆ ಓದುಗರ ಕೈಗೆ ಕೊಟ್ಟ ದಾರ ಅದು. ಮನುಷ್ಯರನ್ನು ತೂಗುವ ತಕ್ಕಡಿಯಾಗಿ ಬಳಕೆಯಾದದ್ದು ಆಮೇಲೆ. ಅಕ್ಕನಿಗೆ ಬಂದಿರುವ ಕಾಯಿಲೆಯ ಮೂಲ ಕಂಡದ್ದೂ ಅದೇ ಊರಿನಲ್ಲಿ. 1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬಿಬ್ಬರು ಏಳು ರೋಗಿಗಳ ಕಣಗಳಲ್ಲಿ ಅಸಹಜವಾಗಿ ಪುಟ್ಟದಾದ ಒಂದು ಕ್ರೋಮೋಸೋಮ್ (ವರ್ಣತಂತು) ಇದೆಯೆಂದು 'ಸೈನ್ಸ್' ಪತ್ರಿಕೆಯಲ್ಲಿ ಕೆಲವೇ ಸಾಲುಗಳಲ್ಲಿ ಬರೆದರು. ಇಂದಿಗೂ ಅದರ ಹೆಸರು ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂದೇ.

ತಂಗಿ (ರಕ್ತರೋಗ ವಿಭಾಗದಲ್ಲಿ ಡಿಎಂ ಎಂಬ ಉನ್ನತ ವೈದ್ಯಕೀಯ ಪದವಿ ಓದುತ್ತಿರುವವಳು): ಮಾವ, ಆ ಕತೆಯನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ದೊಡ್ಡಮ್ಮನ ಮಾತ್ರೆ ಅಲ್ಲಿಂದಲೇ ಬರುತ್ತದೆ. ಆ ಪುಟ್ಟ ಕ್ರೋಮೋಸೋಮ್ ತುಂಡಾಗಿ ಕಳೆದುಹೋದದ್ದಲ್ಲ, ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ಕ್ರೋಮೋಸೋಮ್‌ಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಕಂಡುಹಿಡಿದವರು ಶಿಕಾಗೋದ ಜಾನೆಟ್ ರೌಲಿ. ಫೋಟೋಗಳಿಂದ ಕ್ರೋಮೋಸೋಮ್‌ಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸುತ್ತಿದ್ದ ಅವರನ್ನು, ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. ಆ ಪ್ರಬಂಧಕ್ಕೆ ಲೇಖಕಿ ಅವರೊಬ್ಬರೇ. ಆ ಅದಲುಬದಲಿನಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಔಷಧದ ಮೊದಲ ಫಲಿತಾಂಶಗಳನ್ನು ಬ್ರಯಾನ್ ಡ್ರೂಕರ್ ಮತ್ತು ಸಂಗಡಿಗರು 2001ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು: ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ರೋಗಿಗಳಲ್ಲಿ 53 ಮಂದಿಯ ರಕ್ತದ ಎಣಿಕೆ ಸಹಜ ಸ್ಥಿತಿಗೆ ಬಂದಿತ್ತು. ಮುಂದೆ 1106 ರೋಗಿಗಳ ಮೇಲೆ ನಡೆದ ಐರಿಸ್ ಪ್ರಯೋಗದಲ್ಲಿ ಇಮ್ಯಾಟಿನಿಬ್ ಗುಂಪಿನ ಶೇಕಡಾ 83ರಷ್ಟು ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರು.

ಅಪ್ಪ: ಉಲ್ಲೇಖದ ಲೆಕ್ಕದಲ್ಲಿ ಮೋಸಹೋದ ನಮ್ಮವನೊಬ್ಬ ಇದ್ದಾನೆ, ಅವನನ್ನು ಯಾರೂ ನೆನೆಯಲಿಲ್ಲವಲ್ಲ! ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಸಿಡ್ನಿ ಫಾರ್ಬರ್ ಮಕ್ಕಳ ಲ್ಯುಕೇಮಿಯಾಕ್ಕೆ ಮೊದಲ ಬಾರಿಗೆ ಔಷಧ ಕೊಟ್ಟು ಹೆಸರಾದರು, ಔಷಧ ಬಂದದ್ದು ಸುಬ್ಬರಾವ್ ಮುಖ್ಯಸ್ಥರಾಗಿದ್ದ ಲೆಡರ್ಲೆ ಪ್ರಯೋಗಾಲಯದಿಂದ, ಪ್ರಬಂಧದಲ್ಲಿ ಅವರ ಹೆಸರೇ ಇಲ್ಲ.

ತಂಗಿ: ಅಪ್ಪ, ಲೇಖಕರ ಸಾಲಿನಲ್ಲಿ ಇಲ್ಲ ಎನ್ನುವುದು ನಿಜ. 1948ರ ಜೂನ್‌ನ ಆ ಪ್ರಬಂಧದಲ್ಲಿ ಫಾರ್ಬರ್ ಸೇರಿ ಐವರು ಲೇಖಕರಿದ್ದಾರೆ. ಅಮಿನಾಪ್ಟೆರಿನ್ ಎಂಬ ಆ ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲದ ಮಟ್ಟಿಗಾದರೂ ಚೇತರಿಸಿಕೊಂಡರು, ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅದರ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟನ್ನು ನಾವು ವಾರ್ಡಿನಲ್ಲಿ ಇವತ್ತಿಗೂ ಮಕ್ಕಳಿಗೆ ಕೊಡುತ್ತೇವೆ. ಆದರೆ ಉಲ್ಲೇಖದ ಲೆಕ್ಕ ಅವರನ್ನು ಮರೆಯಿತು ಎನ್ನುವುದು ಪೂರ್ತಿ ಸರಿಯಲ್ಲ.

ಮಾವ: ಅವಳು ಹೇಳಿದ್ದು ಸರಿ, ಭಾವ. 1925ರಲ್ಲಿ ಸೈರಸ್ ಫಿಸ್ಕ್ ಮತ್ತು ಸುಬ್ಬರಾವ್ ಸೇರಿ ರಂಜಕವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವೊಂದನ್ನು ಬರೆದರು, ಜೀವರಸಾಯನ ವಿಜ್ಞಾನದಲ್ಲಿ ದಶಕಗಳ ಕಾಲ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಅದೂ ಒಂದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಹಳೆಯ ಸಂಪುಟವನ್ನು ಕೇಳಿಕೊಂಡು ಬರುತ್ತಿದ್ದ ಎಂಎಸ್ಸಿ ಹುಡುಗರಿದ್ದರು. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಗೆ ದಾರಿ ತೆರೆದ ಔಷಧದ ಪ್ರಬಂಧದಲ್ಲಿ ಲೇಖಕರಾಗದ ಮನುಷ್ಯ, ಪರೀಕ್ಷಾನಳಿಗೆಯ ಒಂದು ವಿಧಾನಕ್ಕಾಗಿ ಸಾವಿರಾರು ಸಲ ಉಲ್ಲೇಖಗೊಂಡರು. ಉಲ್ಲೇಖ ಸುಳ್ಳು ಹೇಳಿಲ್ಲ. ಆ ವಿಧಾನ ಎಷ್ಟು ಮಂದಿಗೆ ಬೇಕಾಯಿತು ಎಂಬುದನ್ನಷ್ಟೇ ಹೇಳಿತು.

ಅಣ್ಣ: ಇತಿಹಾಸ ಚೆನ್ನಾಗಿದೆ, ಆದರೆ ಅಮ್ಮನ ಫೈಲು ನನ್ನ ಮೇಜಿನ ಮೇಲಿದೆ. ಆ ಪುಟದಲ್ಲಿರುವ ಡಾಕ್ಟರರ ಬಗ್ಗೆ ಯಾರಾದರೂ ಮಾತಾಡುತ್ತೀರಾ?

ತಂಗಿ: ಪುಟವನ್ನು ಪೂರ್ತಿ ಓದಿದೆ, ಅಣ್ಣಾ. ಅತಿ ಹೆಚ್ಚು ಉಲ್ಲೇಖಗೊಂಡ ಮೊದಲ ಐದರಲ್ಲಿ ಮೂರು ಅಂತರರಾಷ್ಟ್ರೀಯ ಮಾರ್ಗಸೂಚಿಗಳು, ಹತ್ತಾರು ಲೇಖಕರ ನಡುವೆ ಇವರ ಹೆಸರಿದೆ. ಉಳಿದೆರಡು ಮೈಲೋಮಾ ಎಂಬ ಬೇರೆಯೇ ರಕ್ತಕ್ಯಾನ್ಸರಿನ ಔಷಧಪ್ರಯೋಗಗಳು. ನಮ್ಮ ಶಾಸ್ತ್ರದಲ್ಲಿ ಮಾರ್ಗಸೂಚಿ ಮತ್ತು ವರ್ಗೀಕರಣದ ಪ್ರಬಂಧಗಳನ್ನು ಯಾರೇ ಏನೇ ಬರೆದರೂ ಪೀಠಿಕೆಯಲ್ಲಿ ಉಲ್ಲೇಖಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರಕ್ತಕ್ಯಾನ್ಸರ್ ವರ್ಗೀಕರಣದ 2016ರ ಪರಿಷ್ಕರಣೆ ಹಾಗೆಯೇ ಸಾವಿರಾರು ಉಲ್ಲೇಖ ಗಳಿಸಿತು. ಅಂಥ ಸಮಿತಿಗೆ ಕರೆ ಬರುವುದು ಗೌರವವೇ, ಹಗುರವಾಗಿ ಕಾಣುತ್ತಿಲ್ಲ. ಆದರೆ ಇವರು ಸಿಎಂಎಲ್ ಬಗ್ಗೆ ಬರೆದದ್ದು ಎರಡು, ಅವೂ ಹಳೆಯವು. ಮೈಲೋಮಾ ಬಂದವರನ್ನು ನಾನು ಕಣ್ಣುಮುಚ್ಚಿ ಇವರಲ್ಲಿಗೆ ಕಳುಹಿಸುತ್ತೇನೆ.

ಪ್ರಕಟಣೆಯ ದಾಖಲೆಯಲ್ಲಿ ನಾನು ಹುಡುಕುವುದು ಬೇರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು 2006ರಲ್ಲಿ 'ಬ್ಲಡ್' ಪತ್ರಿಕೆಯಲ್ಲಿ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ಇನ್ನೊಂದು ರಕ್ತಕ್ಯಾನ್ಸರಿನ 72 ಹೊಸ ರೋಗಿಗಳಿಗೆ ಆರ್ಸೆನಿಕ್ ಟ್ರೈಆಕ್ಸೈಡ್ ಒಂದನ್ನೇ ಕೊಟ್ಟ ಫಲಿತಾಂಶ ಬರೆದರು. ಶೇಕಡಾ 86ರಷ್ಟು ಮಂದಿಯಲ್ಲಿ ಕಾಯಿಲೆ ಪೂರ್ತಿ ಹಿಮ್ಮೆಟ್ಟಿತ್ತು, ಮುಂದಿನ ವರ್ಷಗಳ ಫಲಿತಾಂಶವನ್ನೂ ಅವರು ಪ್ರಕಟಿಸಿದರು. ಪಾಷಾಣವೆಂದು ನಾವು ಹೆದರುವ ಆ ವಸ್ತುವನ್ನು ಚೀನಾದ ಹಾರ್ಬಿನ್‌ನಲ್ಲಿ 1970ರ ದಶಕದಲ್ಲೇ ಲ್ಯುಕೇಮಿಯಾಕ್ಕೆ ಬಳಸಿ ಚೀನೀ ಭಾಷೆಯಲ್ಲಿ ಬರೆದಿದ್ದರು, ಹೊರಗಿನವರು ಗಮನಿಸಿದ್ದು 1990ರ ದಶಕದಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ. ಮಾರ್ಗಸೂಚಿಗಳ ಉಲ್ಲೇಖಸಂಖ್ಯೆಯ ಹತ್ತಿರಕ್ಕೂ ವೆಲ್ಲೂರಿನ ಆ ಪ್ರಬಂಧ ಬರುವುದಿಲ್ಲ. ಆದರೂ ತನ್ನ ರೋಗಿಗಳಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಹೋದರು ಎಂದು ವರ್ಷಗಟ್ಟಲೆ ಲೆಕ್ಕವಿಟ್ಟು ಎಲ್ಲರೆದುರು ಹರಡುವ ವಿಭಾಗವನ್ನು ನಾನು ನಂಬುತ್ತೇನೆ.

ಅಣ್ಣ: ಹಾಗಾದರೆ ದಾವಣಗೆರೆಯ ಡಾಕ್ಟರರು ಅಂಥ ಲೆಕ್ಕವನ್ನೂ ಪ್ರಕಟಿಸಿಲ್ಲವಲ್ಲ. ನಿನ್ನ ಅಳತೆಯಲ್ಲೂ ಅವರು ಪಾಸಾಗುವುದಿಲ್ಲ.

ತಂಗಿ: ಆಗುವುದಿಲ್ಲ, ಒಪ್ಪಿದೆ. ಅದಕ್ಕೇ ನಿನ್ನೆ ಅವರಿಗೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ರಕ್ತದಲ್ಲಿ ಕಾಯಿಲೆಯ ಗುರುತು ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸುತ್ತೀರಾ, ಅಂತರರಾಷ್ಟ್ರೀಯ ಮಾಪನದಲ್ಲಿ ವರದಿ ಕೊಡುವ ಲ್ಯಾಬಿಗೆ ಕಳುಹಿಸುತ್ತೀರಾ, ಮೂರನೆಯ ತಿಂಗಳಿಗೆ ಶೇಕಡಾ 10ರೊಳಗೆ, ಆರನೆಯದಕ್ಕೆ ಶೇಕಡಾ 1ರೊಳಗೆ, ವರ್ಷಕ್ಕೆ ಶೇಕಡಾ 0.1ರೊಳಗೆ ಬರದಿದ್ದರೆ ಏನು ಮಾಡುತ್ತೀರಿ ಎಂದು. ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟರು, ಗುರಿ ತಪ್ಪಿದರೆ, ಔಷಧಕ್ಕೆ ಬಗ್ಗದ ಜೀನ್ ಬದಲಾವಣೆ ಇದೆಯೇ ಎಂದು ನೋಡುವ ಮ್ಯುಟೇಶನ್ ಪರೀಕ್ಷೆ ಮಾಡಿಸಿ ದೊಡ್ಡ ಕೇಂದ್ರಕ್ಕೆ ಕಳುಹಿಸುತ್ತೇನೆ ಎಂದರು.

ಇನ್ನೊಂದು ವಿಷಯ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 2010ರಲ್ಲಿ ಬರೇ 87 ರೋಗಿಗಳ ಒಂದು ಅಧ್ಯಯನ ಪ್ರಕಟಿಸಿದರು. ಸೀಸೆಯ ಮುಚ್ಚಳದಲ್ಲಿ ಚಿಪ್ ಇಟ್ಟು ಯಾರು ಎಷ್ಟು ಸಲ ಮಾತ್ರೆ ತೆಗೆದರು ಎಂದು ಎಣಿಸಿದ್ದರು. ಶೇಕಡಾ 90ಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಕಾಯಿಲೆ ಆಳವಾಗಿ ಹತೋಟಿಗೆ ಬರುವ ಸಾಧ್ಯತೆ ಶೇಕಡಾ 94.5, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇಕಡಾ 28.4. ಪ್ರತಿ ತಿಂಗಳೂ ಬೆಂಗಳೂರಿಗೆ ಬಂದು ಸಾಲಿನಲ್ಲಿ ಕಾಯಬೇಕಾದರೆ ದೊಡ್ಡಮ್ಮ ಯಾವ ಗುಂಪಿಗೆ ಸೇರುತ್ತಾರೆ ಎಂದು ನೀನೇ ಹೇಳು.

ಅಪ್ಪ: ಮಾತ್ರೆಯ ಬೆಲೆ ಎಷ್ಟಾಗುತ್ತದೆ?

ತಂಗಿ: ಇಮ್ಯಾಟಿನಿಬ್‌ಗೆ ಈಗ ಚಿಂತೆಯಿಲ್ಲ, ಅಪ್ಪ. ನೋವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆ ಕಾಲಕ್ಕೆ ಅವರು ಇದೇ ಇಮ್ಯಾಟಿನಿಬ್ಬನ್ನು ಮಾರುತ್ತಿದ್ದ ಗ್ಲಿವೆಕ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ನಮ್ಮ ಕಂಪನಿಗಳ ಮಾತ್ರೆ ಹತ್ತು ಸಾವಿರದ ಒಳಗೆ.

ಅಣ್ಣ: ಒಂದು ಸಲ ಮಾತ್ರ ಬೆಂಗಳೂರಿನವರ ಅಭಿಪ್ರಾಯ ಪಡೆಯುತ್ತೇನೆ, ಅದಕ್ಕೆ ಅಡ್ಡಿ ಮಾಡಬೇಡಿ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಆ ಸಂಖ್ಯೆಯನ್ನು ನೋಡಿದಾಗ ಒಂದು ಗಟ್ಟಿ ಗೋಡೆ ಸಿಕ್ಕಿದ ಹಾಗಾಯಿತು.

ಮಾವ: ಯಾರೂ ಅಡ್ಡಿ ಮಾಡುವುದಿಲ್ಲ, ಮಾರಾಯ. ವರದಿಗಳನ್ನು ತೆಗೆದುಕೊಂಡು ನೀನೊಬ್ಬನೇ ಹೋಗಿ ಬಾ. ಆದರೆ ಅಕ್ಕನ ಕಾಯಿಲೆಯ ಕೆಲಸ ಮಾಡುವವರನ್ನು ಹುಡುಕಿಕೊಂಡು ಹೋಗು. ಯಾರ ಪ್ರಬಂಧ ನೋಡಬೇಕೆಂದು ತಂಗಿಯನ್ನು ಕೇಳು, ಎಷ್ಟು ಉಲ್ಲೇಖ ಎಂದು ಕೇಳಬೇಡ.

ದೊಡ್ಡಮ್ಮ: ಬೆಳಗಿನಿಂದ ಎಲ್ಲವನ್ನೂ ಓದುತ್ತಿದ್ದೇನೆ. ಔಷಧದ ಅಂಗಡಿಯವನು ನಿನ್ನೆಯೇ ಡಬ್ಬಿ ತಂದುಕೊಟ್ಟು ಹೋಗಿದ್ದಾನೆ. ಇದನ್ನು ಊಟಕ್ಕೆ ಮೊದಲು ನುಂಗಬೇಕೋ ಊಟವಾದ ಮೇಲೋ ಎಂಬುದನ್ನು ಇಷ್ಟು ಹೊತ್ತು ಬರೆದ ನಿಮ್ಮಲ್ಲಿ ಒಬ್ಬರೂ ಬರೆದಿಲ್ಲ.

ತಂಗಿ: ಊಟದ ಜೊತೆಗೆ, ದೊಡ್ಡಮ್ಮ, ದೊಡ್ಡ ಲೋಟದ ತುಂಬ ನೀರಿನೊಂದಿಗೆ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಬರಬಹುದು. ದಿನವೂ ಒಂದೇ ಹೊತ್ತಿಗೆ ಇರಲಿ.

ದೊಡ್ಡಮ್ಮ: ಹಾಗಾದರೆ ರಾತ್ರಿಯ ರೊಟ್ಟಿಯ ಜೊತೆ ಶುರು ಮಾಡುತ್ತೇನೆ.