ಗ್ರಂಥದೊಳಗೆ ಮಾತಾಡುವವರು ಯಾರು? ಉಡುಪಿಯ ಭಾನುವಾರದ ಓದಿಗೆ ಸಲಹೆ ಬೇಕು

ಕುಂಜಿಬೆಟ್ಟು_ಓದು

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಏಳು ಮಂದಿ ಸೇರಿ ಭಾನುವಾರ ಸಂಜೆ ಒಂದೂವರೆ ಗಂಟೆ ಧರ್ಮ, ತತ್ತ್ವದ ಗ್ರಂಥಗಳನ್ನು ಓದುವ ಕ್ರಮ ಇಟ್ಟುಕೊಂಡಿದ್ದೇವೆ. ಮಾಧ್ವರಿದ್ದಾರೆ, ಸ್ಮಾರ್ತರಿದ್ದಾರೆ, ಒಬ್ಬರು ಕ್ಯಾಥೊಲಿಕ್, ಒಬ್ಬರು ಜೈನರು. ಸಂಸ್ಕೃತ ಚೆನ್ನಾಗಿ ಬಲ್ಲವರು ಒಬ್ಬರೇ. ಉಳಿದವರಿಗೆ ಕನ್ನಡ ಅನುವಾದವೇ ಗತಿ.

ಶುರು ಮಾಡಿದ್ದು ಬ್ರಹ್ಮಸೂತ್ರದ ಶಾಂಕರಭಾಷ್ಯದಿಂದ, ಅಂದರೆ ಅದಕ್ಕೆ ಶಂಕರಾಚಾರ್ಯರು ಬರೆದ ವ್ಯಾಖ್ಯಾನದಿಂದ. ತೊಡಕು ಎಲ್ಲಿ ಅಂದರೆ, ಪುಟದ ಮೇಲ್ಗಡೆ ‘ಇದು ಸರಿ’ ಅಂತ ಉಂಟು, ಕೆಳಗಡೆ ‘ಇದು ಸರಿಯಲ್ಲ’ ಅಂತ ಉಂಟು. ಆಚಾರ್ಯರ ಅಭಿಪ್ರಾಯ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಅದರ ಚರ್ಚೆಗೇ ಹೋಗುತ್ತದೆ. ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು? ವಾರಕ್ಕೆ ಎಷ್ಟು ಓದಬೇಕು? ಬೇರೆ ಮತದ ಗ್ರಂಥ ಓದುವಾಗ ನಮ್ಮ ನಂಬಿಕೆಯನ್ನು ಬದಿಗಿಟ್ಟು ಓದಬೇಕೋ, ಇಟ್ಟುಕೊಂಡೇ ಓದಬೇಕೋ? ಬಲ್ಲವರು ದಯವಿಟ್ಟು ತಿಳಿಸಿ.

ತಾಳೆಗರಿ

ನಿಮ್ಮ ತೊಡಕು ಬುದ್ಧಿಯದ್ದಲ್ಲ, ಗ್ರಂಥದ ರಚನೆಯದ್ದು. ಶಾಸ್ತ್ರಗ್ರಂಥದಲ್ಲಿ ಒಬ್ಬರೇ ಮಾತಾಡುವುದಿಲ್ಲ. ಎದುರು ಪಕ್ಷದವನ ಮಾತನ್ನು ಗ್ರಂಥಕಾರರೇ ಬರೆಯುತ್ತಾರೆ, ಅದೂ ಅರೆಬರೆಯಾಗಿ ಅಲ್ಲ, ಪೂರ್ತಿ ಬಲ ಕೊಟ್ಟು. ಅದು ಪೂರ್ವಪಕ್ಷ. ಆಮೇಲೆ ಬರುವುದು ಸಿದ್ಧಾಂತ, ಗ್ರಂಥಕಾರರ ಸ್ವಂತ ತೀರ್ಮಾನ. ನಮ್ಮೂರಿನವರಿಗೆ ಇದು ಹೊಸತೇನಲ್ಲ ಮಾರಾಯ್ರೆ, ತಾಳಮದ್ದಳೆಯಲ್ಲಿ ನೋಡಿಯೇ ಇದ್ದೇವೆ. ವಾಲಿಯ ಅರ್ಥ ಹೇಳುವವರು ರಾಮನನ್ನು ಬಾಣದ ಹಾಗೆ ಚುಚ್ಚುವ ಪ್ರಶ್ನೆ ಕೇಳುತ್ತಾರೆ. ಅದನ್ನೇ ಪ್ರಸಂಗದ ತೀರ್ಪು ಅಂತ ಯಾರೂ ಎದ್ದು ಮನೆಗೆ ಹೋಗುವುದಿಲ್ಲ, ರಾಮನ ಉತ್ತರಕ್ಕೆ ಕಾಯುತ್ತಾರೆ. ಭಾಷ್ಯ ಓದುವಾಗಲೂ ಹಾಗೆಯೇ ಕಾಯಬೇಕು. ವ್ಯತ್ಯಾಸ ಒಂದೇ: ಭಾಷ್ಯದಲ್ಲಿ ಎದುರುಬದುರು ಕೂತ ಅರ್ಥಧಾರಿಗಳೂ ಇಲ್ಲ, ಭಾಗವತರ ಪದವೂ ಇಲ್ಲ, ಪಾತ್ರ ಬದಲಾದದ್ದು ಸಣ್ಣ ಶಬ್ದಗಳಿಂದ ಗೊತ್ತಾಗಬೇಕು.

ಆ ಶಬ್ದಗಳು ಕೆಲವೇ. ‘ನನು’ ಅಂತ ಬಂದರೆ ಆಕ್ಷೇಪ ಶುರು. ‘ಸ್ಯಾದೇತತ್’ ಅಂದರೂ ಸಾಮಾನ್ಯವಾಗಿ ಅದೇ. ‘ಇತಿ ಚೇನ್ನ’ ಅಂದರೆ ‘ಎಂದರೆ, ಹಾಗಲ್ಲ’: ಇದರ ಮೊದಲರ್ಧ ಪೂರ್ವಪಕ್ಷಿಯದ್ದು, ಕೊನೆಯ ‘ನ’ ಗ್ರಂಥಕಾರರದ್ದು. ‘ಅತ್ರೋಚ್ಯತೇ’ ಬಂದರೆ ಉತ್ತರ ಶುರು. ಕನ್ನಡ ಅನುವಾದದಲ್ಲಿ ಇವು ‘ಹಾಗಾದರೆ’, ‘ಎಂದರೆ ಸರಿಯಲ್ಲ’, ‘ಇದಕ್ಕೆ ಹೇಳುತ್ತೇವೆ’ ಅಂತ ಕರಗಿಹೋಗಿರುತ್ತವೆ. ಕಣ್ಣು ತಪ್ಪುವುದು ಅಲ್ಲಿಯೇ.

ನೀವು ಸಿಕ್ಕಿಬಿದ್ದ ಜಾಗವನ್ನೇ ನೋಡಿ. ಶಾಂಕರಭಾಷ್ಯದ ಮೊಟ್ಟಮೊದಲ ವಾಕ್ಯ ‘ಯುಷ್ಮದಸ್ಮತ್ಪ್ರತ್ಯಯಗೋಚರಯೋಃ’ ಅಂತ ಶುರುವಾಗಿ ಬಹಳ ಉದ್ದಕ್ಕೆ ಹೋಗುತ್ತದೆ. ಅದು ಹೇಳುವುದೇನು? ‘ನಾನು’ ಎಂಬ ಅರಿವಿಗೆ ಸಿಗುವುದು, ‘ನೀನು’ ಎಂಬ ಅರಿವಿಗೆ ಸಿಗುವುದು, ಇವೆರಡು ಕತ್ತಲೆ ಬೆಳಕಿನ ಹಾಗೆ ವಿರುದ್ಧ. ಆದ್ದರಿಂದ ಒಂದರ ಮೇಲೊಂದರ ಆರೋಪ ಆಗಲಾರದು ಅನ್ನುವುದೇ ಯುಕ್ತ. ಇಲ್ಲಿಗೆ ಪುಸ್ತಕ ಮುಚ್ಚಿದರೆ ಶಂಕರರು ಅಧ್ಯಾಸವನ್ನು (ಈ ಆರೋಪವನ್ನೇ) ಒಪ್ಪುವುದಿಲ್ಲ ಅಂತಲೇ ತಿಳಿಯುತ್ತೀರಿ! ಮುಂದಿನ ಶಬ್ದ ‘ತಥಾಪಿ’, ಹಾಗಿದ್ದರೂ. ಯುಕ್ತಿಗೆ ಕೂಡದ್ದಾದರೂ ‘ನಾನು ಇದು, ನನ್ನದು ಇದು’ ಎಂಬ ಲೋಕದ ವ್ಯವಹಾರ ಸಹಜವಾಗಿ ನಡೆದೇ ಇದೆ ಅಂತ ಮಾತು ತಿರುಗುತ್ತದೆ. ಇಡೀ ಭಾಷ್ಯ ನಿಂತಿರುವುದು ಆ ‘ತಥಾಪಿ’ಯ ಮೇಲೆ.

ಸೂತ್ರಗಳಲ್ಲೂ ಇದೇ ಕತೆ. 2.1.4, ‘ನ ವಿಲಕ್ಷಣತ್ವಾದಸ್ಯ...’, ಜಗತ್ತು ಬ್ರಹ್ಮಕ್ಕಿಂತ ಬೇರೆ ಸ್ವಭಾವದ್ದು, ಆದ್ದರಿಂದ ಬ್ರಹ್ಮ ಅದಕ್ಕೆ ಕಾರಣವಲ್ಲ ಎಂಬುದು, ಶಾಂಕರಭಾಷ್ಯದ ಪ್ರಕಾರ ಪೂರ್ವಪಕ್ಷದ ಸೂತ್ರ. ಉತ್ತರ ಇರುವುದು 2.1.6ರಲ್ಲಿ, ‘ದೃಶ್ಯತೇ ತು’. ‘ತು’ (ಆದರೆ) ಬಂದರೆ ಪಕ್ಷ ಬದಲಾಯಿತು ಅಂತ ಕೆಲವರು ಸೂತ್ರ ಮಾಡಿಕೊಳ್ಳುತ್ತಾರೆ, ಅದೂ ತಪ್ಪು. ನಡುವಿನ 2.1.5ರಲ್ಲಿಯೂ ‘ತು’ ಉಂಟು, ಆದರೆ ಅಲ್ಲಿ ಪೂರ್ವಪಕ್ಷಿಯೇ ತನ್ನ ಮೇಲೆ ಬರಬಹುದಾದ ಶಂಕೆಯನ್ನು ಕಳೆದುಕೊಳ್ಳುತ್ತಿದ್ದಾನೆ. ಯಾವ ಶಂಕೆಯನ್ನು ತಳ್ಳಿದ್ದು ಅಂತ ಕೇಳಿಕೊಳ್ಳದೆ ಮುಂದೆ ಹೋಗಬೇಡಿ.

ಮಾಡಬೇಕಾದ್ದು ಇಷ್ಟು. ಪೆನ್ಸಿಲ್ ಹಿಡಿದು ಅಂಚಿನಲ್ಲಿ ಪ್ರತಿ ಪ್ಯಾರಾಕ್ಕೆ ‘ಪೂ’ ಅಥವಾ ‘ಸಿ’ ಬರೆಯಿರಿ. ಗೊತ್ತಾಗದಿದ್ದರೆ ಖಾಲಿ ಬಿಡಿ, ಊಹಿಸಬೇಡಿ. ಮತ್ತೆ ಗಟ್ಟಿಯಾಗಿ ಓದುವಾಗ ‘ಪೂ’ ಒಬ್ಬರು, ‘ಸಿ’ ಇನ್ನೊಬ್ಬರು ಓದಲಿ. ಪೂರ್ವಪಕ್ಷವನ್ನು ಅದನ್ನು ಒಪ್ಪದವರಿಗೇ ಕೊಡಿ. ಎದುರು ಮಾತಿನ ಬಲ ಬಾಯಿಗೆ ಬಂದಾಗಲೇ ತಿಳಿಯುವುದು.

ಆದರೆ ಮೊದಲ ಗ್ರಂಥವಾಗಿ ಬ್ರಹ್ಮಸೂತ್ರ ಬೇಡವೇ ಬೇಡ. ಶಂಕರರ ಎಣಿಕೆಯಲ್ಲಿ 555, ಮಧ್ವರ ಎಣಿಕೆಯಲ್ಲಿ 564 ಸೂತ್ರ, ನಿಮ್ಮ ವೇಗಕ್ಕೆ ವರ್ಷಗಳೇ ಬೇಕು. ಅದಕ್ಕಿಂತ ಹೆಚ್ಚಾಗಿ, ಅದು ಉಪನಿಷತ್ತಿನ ವಾಕ್ಯಗಳನ್ನು ತೂಗುವ ಗ್ರಂಥ, ಆ ವಾಕ್ಯಗಳೇ ಕಿವಿಯಲ್ಲಿ ಇಲ್ಲದಿದ್ದರೆ ತೂಗುವುದು ಯಾವುದನ್ನು? ಕಠೋಪನಿಷತ್ತಿನಿಂದ ಶುರು ಮಾಡಿ. ಆರು ವಲ್ಲಿ (ಭಾಗ), ಮೊದಲ ವಲ್ಲಿಯಲ್ಲಿ 29 ಮಂತ್ರ. ವಾರಕ್ಕೆ ಆರರ ಮೇಲೆ ಹೋಗಬೇಡಿ. ಅದಾದ ಮೇಲೆ ಮಧ್ವಾಚಾರ್ಯರ ತತ್ತ್ವಸಂಖ್ಯಾನ: ಬರೇ 11 ಶ್ಲೋಕ. ‘ಸ್ವತಂತ್ರಮಸ್ವತಂತ್ರಂ ಚ’ ಅಂತ ಮೊದಲ ಸಾಲಿಗೇ ಇರುವುದೆಲ್ಲವನ್ನೂ ಎರಡಾಗಿ ಮಾಡಿ ಇಡುತ್ತದೆ. ಜಯತೀರ್ಥರ ಟೀಕೆ (ವ್ಯಾಖ್ಯಾನ) ಸೇರಿಸಿಕೊಂಡರೆ ವಾರಕ್ಕೆ ಒಂದು ಶ್ಲೋಕ ಸಾಕು. ಅದ್ವೈತಕ್ಕೆ ಶಂಕರರ ಉಪದೇಶಸಾಹಸ್ರಿಯ ಗದ್ಯಭಾಗ ಓದಿ, ಮೂರೇ ಪ್ರಕರಣ. ಅದರಲ್ಲಿ ಗುರುಶಿಷ್ಯರ ಸಂವಾದ ಇರುವುದರಿಂದ ಮಾತಾಡುವವರು ಯಾರು ಎಂಬ ಗೊಂದಲ ಕಡಿಮೆ. ಶಂಕರಭಾಷ್ಯಗಳ ಕನ್ನಡ ಅನುವಾದ ಬೇಕಾದರೆ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ್ದು ಉಂಟು.

ಒಂದು ಮಾತು ಬಿಡಬೇಡಿ: ಅದ್ವೈತವನ್ನು ದ್ವೈತದ ಖಂಡನಗ್ರಂಥದಿಂದ, ದ್ವೈತವನ್ನು ಅದ್ವೈತದ ಖಂಡನಗ್ರಂಥದಿಂದ ಕಲಿಯಲು ಹೋಗಬೇಡಿ. ಖಂಡನ ಬೇಕು, ಆದರೆ ಎರಡನೆಯ ಸುತ್ತಿಗೆ.

ಬಲ್ಮಠ_ಗುಡ್ಡ

ತಾಳೆಗರಿಯವರು ಹೇಳಿದ್ದು ಬೈಬಲಿಗೂ ಹಾಗೆಯೇ ಹೊಂದುತ್ತದೆ. ನಿಮ್ಮ ಗುಂಪಿಗೆ ನಾನು ಯೋಬನ ಗ್ರಂಥವನ್ನು ಹೇಳುತ್ತೇನೆ. 42 ಅಧ್ಯಾಯ. ಮೊದಲ ಎರಡು ಅಧ್ಯಾಯ ಮತ್ತು 42:7ರಿಂದ ಕೊನೆಯವರೆಗೆ ಗದ್ಯ, ನಡುವೆ ಹೆಚ್ಚುಕಡಿಮೆ ಎಲ್ಲವೂ ಪದ್ಯ. ಆ ನಡುವಿನಲ್ಲಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಸರದಿಯ ಮೇಲೆ ಯೋಬನೊಡನೆ ವಾದಿಸುತ್ತಾರೆ. ಅವರ ಮಾತು ಕೇಳಲು ಬಹಳ ಭಕ್ತಿಯದ್ದು: ನೀನು ಕಷ್ಟ ಪಡುತ್ತಿದ್ದರೆ ಏನೋ ಪಾಪ ಮಾಡಿದ್ದಿ, ದೇವರ ಕಡೆ ತಿರುಗು, ಎಲ್ಲ ಸರಿಯಾಗುತ್ತದೆ. ಕೊನೆಗೆ 42:7ರಲ್ಲಿ ದೇವರೇ ಎಲೀಫಜನಿಗೆ ಹೇಳುತ್ತಾನೆ, ನೀನೂ ನಿನ್ನ ಇಬ್ಬರು ಗೆಳೆಯರೂ ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾದ್ದನ್ನು ಆಡಲಿಲ್ಲ ಅಂತ. ಅಂದರೆ ಅಷ್ಟು ಅಧ್ಯಾಯಗಳ ಆ ಭಕ್ತಿಯ ಮಾತು ಪೂರ್ವಪಕ್ಷ.

ಆದರೂ 8:7, ಆರಂಭ ಅಲ್ಪವಾಗಿದ್ದರೂ ಅಂತ್ಯದಲ್ಲಿ ಬಹಳ ವೃದ್ಧಿಯಾಗುವಿ ಎಂಬ ಆ ವಚನವನ್ನು ಜನ ಕ್ಯಾಲೆಂಡರಿನಲ್ಲಿ, ಅಂಗಡಿಯ ಗೋಡೆಯಲ್ಲಿ ದೇವರ ವಾಗ್ದಾನ ಅಂತ ಹಾಕಿಕೊಳ್ಳುತ್ತಾರೆ. ಅದನ್ನು ಆಡಿದವನು ಬಿಲ್ದದ. ಅದರ ಹಿಂದಿನ ಮೂರು ವಚನ ಓದಿದರೆ ಗೊತ್ತಾಗುತ್ತದೆ: ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ಸತ್ತರು ಅಂತ ಮಕ್ಕಳನ್ನು ಕಳಕೊಂಡ ತಂದೆಯ ಎದುರು ಹೇಳಿ, ಆಮೇಲೆ ಹೇಳಿದ್ದು ಅದು.

ಅನುವಾದದ ವಿಷಯ: ಪ್ರೊಟೆಸ್ಟೆಂಟರ ‘ಸತ್ಯವೇದವು’ 66 ಪುಸ್ತಕಗಳದ್ದು, ಕ್ಯಾಥೊಲಿಕರ ‘ಶ್ರೀಗ್ರಂಥ’ 73ರದ್ದು. ಯೋಬ ಎರಡರಲ್ಲೂ ಉಂಟು. ಶಬ್ದಗಳು ಬೇರೆ, ಒಬ್ಬರು ‘ಸುವಾರ್ತೆ’ ಅಂದರೆ ಇನ್ನೊಬ್ಬರು ‘ಶುಭಸಂದೇಶ’ ಅನ್ನುತ್ತಾರೆ. ಎರಡೂ ಮೇಜಿನ ಮೇಲೆ ಇರಲಿ, ಪುಟಸಂಖ್ಯೆ ಹೇಳಬೇಡಿ, ಅಧ್ಯಾಯ ಮತ್ತು ವಚನದ ಸಂಖ್ಯೆ ಹೇಳಿ.

ಬಸದಿ_ಬೀದಿ

ಮೂಡುಬಿದಿರೆಯಿಂದ ಒಂದು ಮಾತು ಸೇರಿಸುತ್ತೇನೆ. ಜೈನ ಗ್ರಂಥದಲ್ಲಿ ಯಾರು ಆಡಿದ್ದು ಅನ್ನುವಷ್ಟೇ ಮುಖ್ಯ, ಯಾವ ನಯದಿಂದ, ಅಂದರೆ ಯಾವ ದೃಷ್ಟಿಯಿಂದ ಆಡಿದ್ದು ಅನ್ನುವುದು. ಆಡುವವರು ಒಬ್ಬರೇ, ನಿಲ್ಲುವ ನೆಲೆ ಬದಲಾಗುತ್ತದೆ. ಕುಂದಕುಂದಾಚಾರ್ಯರ ಸಮಯಸಾರದಲ್ಲಿ ಆತ್ಮ ಕರ್ಮಕ್ಕೆ ಕರ್ತೃವಲ್ಲ ಎಂಬ ಮಾತು ನಿಶ್ಚಯನಯದ್ದು, ಅಂದರೆ ಪರಮಾರ್ಥದ ದೃಷ್ಟಿಯದ್ದು. ಅದನ್ನು ವ್ಯವಹಾರಕ್ಕೆ (ದಿನದ ಬದುಕಿನ ದೃಷ್ಟಿಗೆ) ಎಳೆದು ‘ಹಾಗಾದರೆ ವ್ರತ ಯಾಕೆ, ಸಂಯಮ ಯಾಕೆ’ ಅಂತ ಕೇಳುವುದು ಓದುಗರು ಮಾಡುವ ದೊಡ್ಡ ತಪ್ಪು. ಅದೇ ಗ್ರಂಥದ 8ನೇ ಗಾಥೆಯಲ್ಲಿ ಎಚ್ಚರಿಕೆ ಉಂಟು: ಅನಾರ್ಯನಿಗೆ ಅವನ ಭಾಷೆಯಲ್ಲಿ ಹೇಳದೆ ತಿಳಿಸಲು ಆಗದ ಹಾಗೆ, ವ್ಯವಹಾರ ಇಲ್ಲದೆ ಪರಮಾರ್ಥದ ಉಪದೇಶ ಆಗುವುದಿಲ್ಲ. ಅಮೃತಚಂದ್ರಾಚಾರ್ಯರ ಟೀಕೆಯ ಉದಾಹರಣೆ ಇನ್ನೂ ಚಂದ: ‘ತುಪ್ಪದ ಕೊಡ’ ಅನ್ನುತ್ತೇವೆ, ಆದರೆ ಕೊಡ ತುಪ್ಪದಿಂದ ಮಾಡಿದ್ದಲ್ಲ.

ಮೊದಲ ಓದಿಗೆ ಜೈನ ತತ್ತ್ವವನ್ನು ಸೂತ್ರಗಳಲ್ಲಿ ಹೇಳುವ ತತ್ತ್ವಾರ್ಥಸೂತ್ರ ಹಿಡಿಯಿರಿ, 10 ಅಧ್ಯಾಯ. ದಿಗಂಬರ ಪಾಠದಲ್ಲಿ 357 ಸೂತ್ರ, ಶ್ವೇತಾಂಬರ ಪಾಠದಲ್ಲಿ 344, ಹಾಗಾಗಿ ಎಲ್ಲರ ಕೈಯಲ್ಲೂ ಒಂದೇ ಪಾಠ ಇರಬೇಕು, ಇಲ್ಲದಿದ್ದರೆ ಸಂಖ್ಯೆ ತಾಳೆಯಾಗುವುದಿಲ್ಲ. ನಮ್ಮಲ್ಲಿ ತಾಳೆಗರಿಯಲ್ಲಿ ಉಳಿದುಬಂದ, ಷಟ್ಖಂಡಾಗಮ ಎಂಬ ಜೈನ ಆಗಮದ ಧವಳ ಟೀಕೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದು ಪ್ರಾಕೃತ, ಸಂಸ್ಕೃತ ಬೆರೆತ ಭಾಷೆಯಲ್ಲಿ ಕರ್ಮಸಿದ್ಧಾಂತದ ಸೂಕ್ಷ್ಮ ಲೆಕ್ಕ ಮಾಡುವ ಗ್ರಂಥ, ಶುರುವಿಗೆ ಅಲ್ಲ.

ಕುಂಜಿಬೆಟ್ಟು_ಓದು

ಬಹಳ ಉಪಕಾರ. ‘ಪೂ’, ‘ಸಿ’ ಗುರುತು ಹಾಕಿಯೇ ಮುಂದೆ ಹೋಗುತ್ತೇವೆ. ಇನ್ನೊಂದು ಸಂಶಯ. ‘ತತ್ತ್ವಮಸಿ’ (ಅದು ನೀನೇ ಆಗಿದ್ದಿ) ಎಂಬ ಉಪನಿಷತ್ತಿನ ವಾಕ್ಯದ ಮಾತು ಬಂದರೆ ನಮ್ಮಲ್ಲಿ ಎರಡು ಕಡೆ ಆಗುತ್ತದೆ. ಮಧ್ವರು ಉಪನಿಷತ್ತಿನ ಅಕ್ಷರವನ್ನೇ ಬದಲಾಯಿಸಿದರು ಅಂತ ಒಂದು ಕಡೆಯವರ ವಾದ. ಅದು ಸರಿಯೇ?

ತಾಳೆಗರಿ

ಅಲ್ಲ. ಅಕ್ಷರ ಒಂದೂ ಬದಲಾಗಿಲ್ಲ, ಬಿಡಿಸುವ ಜಾಗ ಬೇರೆ. ಛಾಂದೋಗ್ಯದ ಆರನೇ ಅಧ್ಯಾಯದಲ್ಲಿ ಇರುವುದು ‘ಸ ಆತ್ಮಾತತ್ತ್ವಮಸಿ’. ‘ಆತ್ಮಾ, ತತ್, ತ್ವಮ್, ಅಸಿ’ ಅಂತ ಬಿಡಿಸಬಹುದು. ‘ಆತ್ಮಾ, ಅತತ್, ತ್ವಮ್, ಅಸಿ’ (ನೀನು ಅದಲ್ಲ) ಅಂತಲೂ ಬಿಡಿಸಬಹುದು, ಯಾಕೆಂದರೆ ಆ ಕಾರಕ್ಕೆ ಅ ಕಾರ ಸೇರಿದರೆ ಸವರ್ಣದೀರ್ಘ, ಉಳಿಯುವುದು ಆ ಕಾರವೇ. ಕಿವಿಗೆ ಎರಡೂ ಒಂದೇ. ಹಾಗಾಗಿ ವ್ಯಾಕರಣ ಇಲ್ಲಿ ತೀರ್ಪು ಕೊಡುವುದಿಲ್ಲ, ಪ್ರಕರಣ, ಅಂದರೆ ಮಾತು ಬಂದ ಸಂದರ್ಭ, ಕೊಡಬೇಕು. ಮಾಧ್ವ ಪರಂಪರೆಯಲ್ಲಿ ‘ತತ್’ ಅಂತಲೇ ಇಟ್ಟುಕೊಂಡು ಸಾದೃಶ್ಯ ಹೇಳುವ ಅರ್ಥವೂ ಉಂಟು ಅನ್ನುವುದನ್ನು ಮರೆಯಬಾರದು. ಇಡೀ ದ್ವೈತ ಒಂದು ಅ ಕಾರದ ಮೇಲೆ ನಿಂತಿದೆ ಅನ್ನುವುದು ಓದದವರ ಮಾತು.

ಪ್ರಕರಣ ನೋಡುವುದು ಹೇಗೆ? ಎರಡೂ ಕಡೆಯವರು ಒಪ್ಪುವ ಆರು ಲಿಂಗಗಳು (ತಾತ್ಪರ್ಯದ ಗುರುತುಗಳು) ಉಂಟು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಶುರು ಮತ್ತು ಕೊನೆ ಏನು ಹೇಳುತ್ತದೆ, ಯಾವುದನ್ನು ಮತ್ತೆ ಮತ್ತೆ ಹೇಳುತ್ತದೆ, ಬೇರೆ ಕಡೆ ಸಿಗದ ಯಾವುದನ್ನು ಹೇಳುತ್ತದೆ, ಏನು ಫಲ, ಯಾವುದನ್ನು ಹೊಗಳುತ್ತದೆ, ಯಾವ ಯುಕ್ತಿ ಕೊಡುತ್ತದೆ. ಈ ವಾಕ್ಯ 9 ಸಲ ಬರುವುದು ಅಭ್ಯಾಸ. ಅದರ ಜೊತೆ ಬರುವ ದೃಷ್ಟಾಂತಗಳನ್ನು ಎದುರಿಟ್ಟುಕೊಂಡು ಕೂತುಕೊಳ್ಳಿ. ದಾರಕ್ಕೆ ಕಟ್ಟಿದ ಹಕ್ಕಿ ದಿಕ್ಕುದಿಕ್ಕಿಗೆ ಹಾರಿ, ಎಲ್ಲಿಯೂ ನೆಲೆ ಸಿಗದೆ ಕಟ್ಟಿದ ಕಡೆಗೇ ಬರುತ್ತದೆ. ಹಕ್ಕಿ ಬೇರೆ, ಕಟ್ಟಿದ ಜಾಗ ಬೇರೆ, ಆದ್ದರಿಂದ ಭೇದ ಅನ್ನುತ್ತಾರೆ ಮಧ್ವರು. ಅದಕ್ಕಿಂತ ಸ್ವಲ್ಪ ಮೊದಲು ನಿದ್ದೆಯಲ್ಲಿ ಜೀವ ‘ತನ್ನನ್ನೇ ಸೇರುತ್ತಾನೆ’ ಅಂತ ಇದೆಯಲ್ಲ ಅನ್ನುತ್ತಾರೆ ಅದ್ವೈತಿಗಳು. ಜೇನಿನಲ್ಲಿ ಬೇರೆ ಬೇರೆ ಮರದ ರಸ ಸೇರಿದಾಗ ‘ನಾನು ಈ ಮರದ ರಸ’ ಎಂಬ ವಿವೇಕ ಇಲ್ಲ. ಭೇದವೇ ಹೋಯಿತು ಅಂತ ಅದ್ವೈತಿಗಳು, ಭೇದ ಹೋಗಲಿಲ್ಲ, ಅರಿವಿಗೆ ಬರಲಿಲ್ಲ ಅಷ್ಟೇ ಅಂತ ಮಾಧ್ವರು. ವಾರಕ್ಕೊಂದು ದೃಷ್ಟಾಂತ ತೆಗೆದುಕೊಂಡರೆ ಒಂಬತ್ತು ವಾರದ ಓದು. ನಿಮ್ಮ ಜಗಳಕ್ಕೆ ಒಳ್ಳೆಯ ಅಂಗಳ ಸಿಗುತ್ತದೆ.

ತುಳಸಿಕಟ್ಟೆ

ನಂಬಿಕೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟ ಹಾಗಿಲ್ಲ. ನಂಬಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿಲ್ಲ, ಬಿಟ್ಟರೂ ಅದು ಬಿಡುವುದಿಲ್ಲ. ಕಾಲವನ್ನು ಬೇರೆ ಮಾಡಿದರೆ ಸಾಕು. ಬೃಹದಾರಣ್ಯಕ ಉಪನಿಷತ್ತಿನ ಕ್ರಮವೇ ಶ್ರವಣ (ಕೇಳುವುದು), ಮನನ (ಯೋಚಿಸುವುದು), ನಿದಿಧ್ಯಾಸನ (ಧ್ಯಾನಿಸುವುದು). ಕ್ಯಾಥೊಲಿಕ್ ಮಠಗಳ ಹಳೆಯ ಕ್ರಮದಲ್ಲೂ ಓದು, ಮನನ, ಪ್ರಾರ್ಥನೆ, ಧ್ಯಾನ ಅಂತ ನಾಲ್ಕು ಮೆಟ್ಟಿಲು. ಎರಡರಲ್ಲೂ ಕೇಳುವುದು ಮೊದಲು. ಒಂದೂವರೆ ಗಂಟೆಯಲ್ಲಿ ಮೊದಲ 40 ನಿಮಿಷ ‘ಗ್ರಂಥ ಏನು ಹೇಳುತ್ತದೆ’ ಅನ್ನುವುದು ಮಾತ್ರ. ಆಗ ‘ನಾನು ಒಪ್ಪುತ್ತೇನೆ, ಒಪ್ಪುವುದಿಲ್ಲ’ ಅನ್ನಬಾರದು. ಮುಂದಿನ 40 ನಿಮಿಷ ಒಪ್ಪಿಗೆ, ಆಕ್ಷೇಪ ಎಲ್ಲ. ಕೊನೆಯ ಹತ್ತು ನಿಮಿಷ ಮೌನ, ಯಾರ ದೇವರನ್ನು ಅವರು ನೆನೆಯಲಿ. ಆ ಗ್ರಂಥದ ಮತದವರು ಗುಂಪಿನಲ್ಲಿ ಇದ್ದರೆ ಮೊದಲ ಭಾಗದ ಕೊನೆಗೆ ಅವರನ್ನು ಕೇಳಿ: ನಾವು ಹೇಳಿದ್ದು ನಿಮ್ಮ ಮಾತೇ ಹೌದೋ? ಅವರು ಹೌದು ಅನ್ನುವವರೆಗೆ ಎರಡನೇ ಭಾಗಕ್ಕೆ ಹೋಗಬೇಡಿ.

ತಾಳೆಗರಿ

ಇದು ಒಳ್ಳೆಯ ಕಟ್ಟಳೆ. ಹಾಗಾದರೆ ಮುಂದಿನ ಭಾನುವಾರಕ್ಕೆ ಕಠದ ಮೊದಲ ವಲ್ಲಿಯ ಪಾತ್ರ ಹಂಚಿಕೊಂಡು ಬನ್ನಿ: ಕತೆ ಹೇಳುವವರು, ತಂದೆ, ನಚಿಕೇತ, ಯಮ. ಹಂಚುತ್ತಾ ಹೋದರೆ 7ನೇ ಮಂತ್ರದಲ್ಲಿ ಕೈ ನಿಲ್ಲುತ್ತದೆ. ‘ವೈಶ್ವಾನರಃ ಪ್ರವಿಶತಿ’, ಅತಿಥಿಯಾಗಿ ಬ್ರಾಹ್ಮಣ ಮನೆಗೆ ಬಂದದ್ದು ಬೆಂಕಿಯೇ ಬಂದ ಹಾಗೆ, ನೀರು ತೆಗೆದುಕೊಂಡು ಬಾ ಅಂತ ಯಾರೋ ಯಮನಿಗೆ ಹೇಳುತ್ತಾರೆ. ಯಾರು ಅಂತ ಮಂತ್ರದಲ್ಲಿ ಇಲ್ಲ. ಅಮಾತ್ಯರೋ ಹೆಂಡತಿಯೋ ಇರಬೇಕು ಅನ್ನುತ್ತದೆ ಶಾಂಕರಭಾಷ್ಯ. ಆ ಒಂದು ಮಂತ್ರ ಯಾರ ಬಾಯಲ್ಲಿ ಇಡುತ್ತೀರಿ ಅಂತ ಮೊದಲು ನೀವೇ ಯೋಚಿಸಿ, ಭಾಷ್ಯವನ್ನು ಆಮೇಲೆ ತೆರೆಯಿರಿ.