ಬೀಜದಿಂದ ಬೆಳೆದ ಬಟರ್‌ಫ್ರೂಟ್ ಗಿಡ ಚಿಕ್ಕಬಳ್ಳಾಪುರದಲ್ಲಿ ಕಾಯಿ ಬಿಡುತ್ತಾ?

ಹಿತ್ತಲಮನೆ:
ನಮ್ಮದು ಚಿಕ್ಕಬಳ್ಳಾಪುರ, 30-40 ಸೈಟು. ಹಿಂದೆ ಸ್ವಲ್ಪ ಖಾಲಿ ಜಾಗ ಇದೆ. ಜ್ಯೂಸ್ ಮಾಡಿ ಉಳಿದ ಬಟರ್‌ಫ್ರೂಟ್ ಬೀಜವನ್ನು ಮಗಳು ನೀರಿನ ಲೋಟದಲ್ಲಿ ಇಟ್ಟಿದ್ದಳು, ಬೇರು ಬಂತು, ಪಾಟ್‌ಗೆ ಹಾಕಿದ ಮೇಲೆ ಈಗ ಮೊಣಕಾಲೆತ್ತರ ಆಗಿದೆ. ಆದರೆ ಎಲೆ ತುದಿ ಕಂದಾಗಿ ಒಣಗುತ್ತಿದೆ. ಅಂಚಿನುದ್ದಕ್ಕೂ ಸುಟ್ಟ ಹಾಗೆ ಇದೆ, ಮಧ್ಯದಲ್ಲಿ ಹಸಿರಾಗಿಯೇ ಇದೆ. ನಮ್ಮತ್ತೆ ನೀರು ಸಾಲದು ಅಂತಾರೆ, ಪಕ್ಕದ ಮನೆಯವರು ನೀರು ಜಾಸ್ತಿ ಆಯ್ತು ಅಂತಾರೆ. ನೆಲಕ್ಕೆ ಇಳಿಸಲಾ, ಇಲ್ಲಾ ಕಿತ್ತು ಹಾಕಿ ಕಸಿ ಗಿಡ ತರಲಾ?

ಕೋಲಾರ ಕೆಮ್ಮಣ್ಣು:
ಬೋರ್‌ವೆಲ್ ನೀರು ಹಾಕುತ್ತಿದ್ದೀರಾ? ಪಾಟ್ ಅಂಚಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದೇ ಕಾರಣ ಇರಬಹುದು. ನಮ್ಮ ಕಡೆ ನೀರು ಗಡಸು, ಈ ಗಿಡಕ್ಕೆ ಉಪ್ಪಿನಂಶ ಆಗೋದೇ ಇಲ್ಲ. ಮಾವು, ಸಪೋಟ ತಡೆದುಕೊಂಡಷ್ಟು ಇದು ತಡೆಯಲ್ಲ, ಮೊದಲು ಎಲೆ ತುದಿಯಲ್ಲೇ ತೋರಿಸುತ್ತೆ. ದಿನಾ ಒಂದೊಂದು ಚೊಂಬು ಹಾಕಿದರೆ ನೀರು ಆವಿಯಾಗಿ ಹೋಗಿ ಉಪ್ಪು ಮಣ್ಣಲ್ಲೇ ಉಳಿಯುತ್ತೆ. ಅದರ ಬದಲು ಮೇಲಿನ ಮಣ್ಣು ಒಣಗಿದ ಮೇಲೆ, ಪಾಟ್ ಕೆಳಗಿನ ತೂತಿನಿಂದ ಹರಿದು ಹೋಗುವಷ್ಟು ಒಂದೇ ಸಲ ಹಾಕಿ. ಮಹಡಿ ಮೇಲಿಂದ ಬರುವ ಮಳೆನೀರು ಡ್ರಮ್ಮಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೇದು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಹೊಸ ಚಿಗುರು ಹೇಗಿದೆ ಅಂತ ನೋಡಿ.

ತುಮಕೂರು ಕಸಿ:
ಸುಮ್ನೆ ಕಿತ್ತು ಹಾಕಬೇಡಿ ಮೇಡಂ. ಬೀಜದ ಗಿಡದಲ್ಲಿ ಎರಡು ತೊಂದರೆ. ಒಂದು, ತಾಯಿ ಹಣ್ಣಿನ ರುಚಿ, ಗಾತ್ರ ಹಾಗೇ ಬರುತ್ತೆ ಅಂತ ಹೇಳೋಕಾಗಲ್ಲ. ಇನ್ನೊಂದು, ಕಾಯಿ ಕಾಣೋಕೆ 5ರಿಂದ 10 ವರ್ಷ ಬೇಕು, ಕೆಲವು ಅದಕ್ಕೂ ಜಾಸ್ತಿ ಕಾಯಿಸುತ್ತವೆ. ಕಸಿ ಗಿಡವಾದರೆ 3-4 ವರ್ಷಕ್ಕೆ ಶುರು. ಆದರೆ ನಿಮ್ಮ ಗಿಡದ ಕಾಂಡ ಪೆನ್ಸಿಲ್ ದಪ್ಪ ಆಗಿದ್ದರೆ ಅದರ ಮೇಲೇ ಕಸಿ ಕಟ್ಟಿಸಬಹುದು. ಫಲ ಕೊಡುತ್ತಿರುವ ಮರದ ಕಡ್ಡಿ ತಂದು, ಕಾಂಡ ಸೀಳಿ, ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಆಯಿತು. ಕಸಿ ಗೊತ್ತಿರುವವರು ನರ್ಸರಿಗಳಲ್ಲಿ ಸಿಗುತ್ತಾರೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಈ ಹಣ್ಣಿನ ಮೇಲೆ ಕೆಲಸ ಮಾಡಿದ್ದಾರೆ, ಅರ್ಕಾ ಸುಪ್ರೀಂ ಅನ್ನೋದು ಅವರದೇ ತಳಿ.

ಗುಡಿಬಂಡೆ ಗಾಳಿ:
ಅಷ್ಟೊಂದು ಹೆದರಿಸಬೇಡಿ ಅಣ್ಣ. ಇವತ್ತು ಎಲ್ಲರೂ ದುಡ್ಡು ಕೊಟ್ಟು ತಿನ್ನೋ ಹಾಸ್ ತಳಿ ಕೂಡ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರ ತೋಟದಲ್ಲಿ ಬೀಜದಿಂದ ತಾನಾಗಿ ಸಿಕ್ಕಿದ್ದು, 1935ರಲ್ಲಿ ಪೇಟೆಂಟ್ ಆಯಿತು. ಹಾಗಂತ ನಿಮ್ಮದೂ ಹಾಸ್ ಆಗುತ್ತೆ ಅಂತಲ್ಲ! ಜಾಗ ಒಂದೇ ಮರಕ್ಕಿದ್ದರೆ ನಾನೂ ಕಸಿಯನ್ನೇ ಆರಿಸುತ್ತೇನೆ.

ಆದರೆ ಯಾವ ಗಿಡವಾದರೂ ನೀರು ನಿಂತರೆ ಉಳಿಯಲ್ಲ. ಆ ಹಾಸ್ ತಾಯಿಮರವೂ 2002ರಲ್ಲಿ ಬೇರು ಕೊಳೆತೇ ಸತ್ತಿದ್ದು. ಗುಂಡಿ ತೋಡಿ ಪಾತಿ ತಗ್ಗು ಮಾಡಬೇಡಿ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಬೇರು ಮೇಲ್ಮಣ್ಣಲ್ಲೇ ಹರಡುವುದರಿಂದ ಸುತ್ತ ಅಗೆಯಬೇಡಿ. ತರಗೆಲೆ ಇಲ್ಲಾ ಹೊಂಗೆ ಸೊಪ್ಪು ದಪ್ಪಗೆ ಹರಡಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಎಳೇ ಕಾಂಡದ ಸಿಪ್ಪೆ ಸುಟ್ಟು ಬಿರುಕು ಬಿಡುತ್ತೆ, ಅದಕ್ಕೆ ಸುಣ್ಣ ಬಳಿದು ಮೊದಲ ಬೇಸಿಗೆಗಳಲ್ಲಿ ಹಸಿರು ನೆಟ್ ಕಟ್ಟಿ. ಸಂಪಿನ ಪಕ್ಕ ಬೇಡವೇ ಬೇಡ, ದೊಡ್ಡ ಮರ ಆಗುತ್ತೆ.

ಹಿತ್ತಲಮನೆ:
ಪಾಟ್ ಅಂಚಲ್ಲಿ ಬಿಳಿ ಪುಡಿ ಇದೆ! ನೀರು ಬೋರ್‌ವೆಲ್‌ದೇ. ಅತ್ತೆ, ಪಕ್ಕದ ಮನೆಯವರು ಇಬ್ಬರಿಗೂ ಈಗ ತೋರಿಸುತ್ತೇನೆ. ಒಂದೇ ಮರ ಇದ್ದರೆ ಕಾಯಿ ಕಟ್ಟಲ್ಲ ಅಂತಾರಲ್ಲ, ನಿಜವಾ?

ತುಮಕೂರು ಕಸಿ:
ಪೂರ್ತಿ ಸುಳ್ಳಲ್ಲ. ಇದರ ಹೂವು ಎರಡು ಸಲ ಅರಳುತ್ತೆ. ಮೊದಲು ಹೆಣ್ಣಾಗಿ, ಮುಚ್ಚಿಕೊಂಡು ಮಾರನೇ ದಿನ ಗಂಡಾಗಿ. ಕೆಲವು ಮರ ಬೆಳಿಗ್ಗೆ ಹೆಣ್ಣು, ಕೆಲವು ಮಧ್ಯಾಹ್ನ ಹೆಣ್ಣು. ಎರಡೂ ಜಾತಿ ಹತ್ತಿರ ಇದ್ದರೆ ಕಾಯಿ ಜಾಸ್ತಿ. ಆದರೆ ಹವೆ ನೋಡಿಕೊಂಡು ಹೊತ್ತು ಹಿಂದೆಮುಂದೆ ಆಗುವುದರಿಂದ ಒಂಟಿ ಮರವೂ ಕಾಯಿ ಬಿಡುತ್ತೆ. ಜಾಗ ಇಲ್ಲದಿದ್ದರೆ ಅದೇ ಮರಕ್ಕೆ ಇನ್ನೊಂದು ಜಾತಿಯ ಕೊಂಬೆ ಕಸಿ ಮಾಡಿಸಿ.

ಕೋಲಾರ ಕೆಮ್ಮಣ್ಣು:
ಮನೆಯಲ್ಲಿ ಮೇಕೆ, ಹಸು ಇದ್ದರೆ ಕತ್ತರಿಸಿದ ಸೊಪ್ಪು ಅವುಗಳ ಮುಂದೆ ಹಾಕಬೇಡಿ. ಎಲೆಯಲ್ಲಿ ಪರ್ಸಿನ್ ಅನ್ನೋ ವಿಷ ಇರುತ್ತೆ, ಕೆಚ್ಚಲು ಬಾತು ಹಾಲು ಕಮ್ಮಿಯಾಗುತ್ತೆ. ಗಿಡ ಬೀದಿ ಕಡೆ ಇದ್ದರೆ ಬೇಲಿ ಹಾಕಿ. ಇನ್ನು ಕಾಯಿ ಬಂದ ಮೇಲೆ ಮರದಲ್ಲೇ ಹಣ್ಣಾಗಲಿ ಅಂತ ಕಾಯಬೇಡಿ. ಕಿತ್ತ ಮೇಲೇ ಅದು ಮೆತ್ತಗಾಗೋದು. ಬಲಿತಿದೆಯಾ ಅಂತ ಒಂದು ಕಿತ್ತು ಅಡುಗೆಮನೆಯಲ್ಲಿ ಇಟ್ಟು ನೋಡಿ, ಸುಕ್ಕುಗಟ್ಟದೆ ಹಣ್ಣಾದರೆ ಉಳಿದವನ್ನೂ ಕೀಳಬಹುದು.