ಪ್ರಶ್ನೋತ್ತರ: ಸ್ಟೋರೇಜ್‌ಗೆ ಸೊನ್ನೆ ತುಂಬಿಸಿದರೆ ಜಾಬ್ ಸರಿಯಾಗುತ್ತಿದೆ, ಪ್ರೊಡಕ್ಷನ್‌ಗೆ ಹಾಕಬಹುದಾ?

ಪ್ರಶ್ನೆ:
ಮೇಡಂ, ಬೆಂಗಳೂರಿನಲ್ಲಿ ಕೂತು ಹೊರದೇಶದ ಒಂದು ವಿಮಾ ಕಂಪನಿಯ ರಾತ್ರಿ ಬ್ಯಾಚ್ ನೋಡಿಕೊಳ್ಳುತ್ತೇನೆ. ಐಬಿಎಂ ಮೇನ್‌ಫ್ರೇಮ್, ಕಂಪೈಲರ್ ಎಂಟರ್‌ಪ್ರೈಸ್ ಕೋಬಾಲ್ 4.2, ಎಲ್ಲಾ ಪ್ರೋಗ್ರಾಂ ರೆಂಟ್ (ಒಂದೇ ಕೋಡನ್ನು ಹಲವರು ಒಟ್ಟಿಗೆ ಬಳಸಬಹುದಾದ) ಆಪ್ಷನ್‌ನಲ್ಲಿ ಕಂಪೈಲ್ ಆಗಿವೆ. ಹಳೆ ಎಲ್‌ಪಾರ್‌ನಲ್ಲಿ (ಮೇನ್‌ಫ್ರೇಮಿನೊಳಗಿನ ಒಂದು ಪ್ರತ್ಯೇಕ ಸಿಸ್ಟಮ್) ವರ್ಷಗಟ್ಟಲೆ ಸರಿಯಾಗಿ ಓಡಿದ ಒಂದು ಜಾಬ್ ಹೊಸ ಟೆಸ್ಟ್ ಎಲ್‌ಪಾರ್‌ಗೆ ಬಂದ ಮೇಲೆ ಟ್ರೈಲರ್ ರೆಕಾರ್ಡಿನಲ್ಲಿ (ಫೈಲಿನ ಕೊನೆಯ ಲೆಕ್ಕದ ಸಾಲು) ತಪ್ಪು ಎಣಿಕೆ ಬರೆಯುತ್ತಿದೆ. ಅದೂ ದಿನಾ ಅಲ್ಲ. ಕೋಡ್ ಒಂದು ಸಾಲೂ ಬದಲಾಗಿಲ್ಲ. ಟೀಮಿನ ಸೀನಿಯರ್ ಒಬ್ಬರು ಲ್ಯಾಂಗ್ವೇಜ್ ಎನ್ವಿರಾನ್ಮೆಂಟಿನ (ಕೋಬಾಲ್ ಪ್ರೋಗ್ರಾಂಗಳನ್ನು ಓಡಿಸುವ ಐಬಿಎಂ ರನ್‌ಟೈಮ್), ಮೆಮೊರಿಗೆ ಏನು ತುಂಬಿಸಬೇಕು ಅಂತ ಹೇಳುವ ಸ್ಟೋರೇಜ್ ಆಪ್ಷನ್‌ನಲ್ಲಿ ಮೊದಲ ಬೆಲೆಯನ್ನು 00 ಮಾಡಿಸಿದರು. ಎಣಿಕೆ ಸರಿ ಬಂತು. ಇದನ್ನೇ ಪ್ರೊಡಕ್ಷನ್‌ಗೆ ಹಾಕಿ ಟಿಕೆಟ್ ಮುಚ್ಚಬಹುದಾ?

ಉತ್ತರ:
ಮುಚ್ಚಬೇಡಿ. 00 ಹಾಕಿದ ಕೂಡಲೇ ಸರಿಹೋಯಿತು ಅಂದರೆ, ಬೆಲೆಯನ್ನೇ ಕೊಡದ ಯಾವುದೋ ಫೀಲ್ಡನ್ನು ನಿಮ್ಮ ಪ್ರೋಗ್ರಾಂ ಓದುತ್ತಿದೆ ಅಂತ ಅರ್ಥ. ಯಾವ ಫೀಲ್ಡ್ ಅನ್ನುವುದು ಇನ್ನೂ ಗೊತ್ತಾಗಿಲ್ಲ, ಅಲ್ವಾ?

ಇಷ್ಟು ವರ್ಷ ಯಾಕೆ ಓಡಿತು ಅನ್ನುವುದಕ್ಕೆ ಕಾರಣ ಸರಳ. ಜಾಬ್ ಮೊದಲ ಸಲ ಮುಟ್ಟುವ ಮೆಮೊರಿ ಪೇಜನ್ನು ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಜೆಡ್‌ಒಎಸ್ ಸೊನ್ನೆ ಮಾಡಿಯೇ ಕೊಡುತ್ತದೆ. ಬೇರೆ ಜಾಬಿನ ಡೇಟಾ ಸೋರಬಾರದಲ್ಲ, ಅದಕ್ಕೆ. ಆದರೆ ಅದೇ ಜಾಬಿನೊಳಗೆ ಒಂದು ಪ್ರೋಗ್ರಾಂ ಬಿಟ್ಟ ಜಾಗ ಇನ್ನೊಂದಕ್ಕೆ ಸಿಕ್ಕರೆ ಯಾರೂ ಒರೆಸುವುದಿಲ್ಲ. ಹಳೆ ಬಾಡಿಗೆದಾರರ ಸಾಮಾನು ಹಾಗೇ ಬಿದ್ದಿರುವ ಮನೆಯಂತೆ. ಹಳೆ ಎಲ್‌ಪಾರ್‌ನಲ್ಲಿ ನಿಮ್ಮ ಕೌಂಟರ್ ಹೊಸ ಪೇಜಿನ ಮೇಲೆ ಬೀಳುತ್ತಿತ್ತು ಅನ್ನಿಸುತ್ತದೆ. ಹೊಸದರಲ್ಲಿ ಜಾಗ ಹಂಚುವ ಕ್ರಮ ಸ್ವಲ್ಪ ಸರಿದಿದೆ, ಅಷ್ಟೇ.

ಇದೇನೂ ಹೊಸ ಕತೆಯಲ್ಲ. 2008ರಲ್ಲಿ ಬಂದ ಜೆಡ್‌ಒಎಸ್ 1.10ರಲ್ಲಿ ಗೆಟ್‌ಮೇನ್ (ಪ್ರೋಗ್ರಾಂ ಮೆಮೊರಿ ಕೇಳುವ ಸಿಸ್ಟಮ್ ಸೇವೆ) ಜಾಗ ಹಂಚುವ ರೀತಿಯನ್ನು ಐಬಿಎಂ ಬದಲಿಸಿತು. ಹಳೆ ರೀತಿಯೇ ಬೇಕು ಅನ್ನುವವರಿಗಾಗಿ 1.9ರ ನಿಯಮಕ್ಕೆ ಹಿಂತಿರುಗುವ ಒಂದು ಸ್ವಿಚ್ಚನ್ನೇ ಡಯಾಗ್ ಪಾರ್ಮ್‌ಲಿಬ್ ಮೆಂಬರ್‌ನಲ್ಲಿ (ಒಂದು ಸಿಸ್ಟಮ್ ಸೆಟ್ಟಿಂಗ್ ಫೈಲ್) ಇಡಬೇಕಾಯಿತು. ಸೊನ್ನೆ ಇರುತ್ತದೆ ಅಂತ ನಂಬಿಕೊಂಡ ಕೋಡ್ ಎಲ್ಲೆಲ್ಲೂ ಇದೆ.

ಈಗ ಮಾಡಬೇಕಾದದ್ದು ಉಲ್ಟಾ ಕೆಲಸ. ಸೊನ್ನೆಯ ಬದಲು ಕೆಟ್ಟ ಬೆಲೆ ತುಂಬಿಸಿ. ಟೆಸ್ಟ್ ಜೆಸಿಎಲ್‌ನಲ್ಲಿ (ಜಾಬ್ ಓಡಿಸುವ ಸ್ಕ್ರಿಪ್ಟ್) ಸಿಇಇಆಪ್ಟ್ಸ್ ಹೆಸರಿನ ಡಿಡಿ (ಫೈಲ್ ಅಥವಾ ಡೇಟಾ ಕೊಡುವ ಸಾಲು) ಹಾಕಿ, ಒಳಗೆ ಸ್ಟೋರೇಜ್(ಎಎ,ಬಿಬಿ,ಸಿಸಿ) ಅಂತ ಕೊಡಿ. ಜೊತೆಗೆ ರಿಪೋರ್ಟ್ ಆಪ್ಷನ್, ಅಂದರೆ ಆರ್‌ಪಿಟಿಆಪ್ಟ್ಸ್, ಆನ್ ಮಾಡಿ. ಕೊಟ್ಟ ಆಪ್ಷನ್ ನಿಜವಾಗಿ ಜಾರಿಯಾಯಿತಾ ಅಂತ ಅದರಲ್ಲಿ ಕಾಣುತ್ತದೆ. ಕೆಲವು ಕಡೆ ಸೈಟ್ ಡೀಫಾಲ್ಟನ್ನು ಯಾರೂ ಬದಲಿಸದಂತೆ ಬೀಗ ಹಾಕಿಟ್ಟಿರುತ್ತಾರೆ. ಅದು ಗೊತ್ತಿಲ್ಲದೆ "ಟ್ರ್ಯಾಪ್ ಹಾಕಿದೆ, ಏನೂ ಸಿಗಲಿಲ್ಲ" ಅಂತ ಬರುವವರೇ ಜಾಸ್ತಿ.

ಮೊದಲ ಬೆಲೆ ಹೀಪ್‌ನಿಂದ (ಬೇಕಾದಾಗ ಪಡೆದು ಬಿಡುವ ಮೆಮೊರಿ) ಹೊಸದಾಗಿ ಸಿಕ್ಕ ಜಾಗಕ್ಕೆ. ನಿಮ್ಮ 4.2 ರೆಂಟ್ ಪ್ರೋಗ್ರಾಂಗಳ ವರ್ಕಿಂಗ್ ಸ್ಟೋರೇಜ್, ಅಂದರೆ ಪ್ರೋಗ್ರಾಂನ ಸ್ವಂತ ಫೀಲ್ಡ್‌ಗಳ ಜಾಗ, ಅಲ್ಲಿಂದಲೇ ಬರುತ್ತದೆ. ಎರಡನೆಯದು ಬಿಟ್ಟುಕೊಟ್ಟ ಹೀಪ್‌ಗೆ. ಬಿಟ್ಟ ಮೇಲೂ ಹಳೆ ಅಡ್ರೆಸ್ ಇಟ್ಟುಕೊಂಡು ಓದುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಮೂರನೆಯದು ಸ್ಟ್ಯಾಕ್‌ಗೆ, ಅಂದರೆ ಪ್ರತಿ ಕಾಲ್‌ಗೆ ಸಿಗುವ ತಾತ್ಕಾಲಿಕ ಜಾಗಕ್ಕೆ. ಪ್ರತಿ ಕಾಲ್‌ಗೂ ತುಂಬಿಸುತ್ತಾ ಕೂರುವುದರಿಂದ ಜಾಬ್ ನಿಧಾನವಾಗುತ್ತದೆ. ಟೆಸ್ಟ್‌ಗೆ ಪರವಾಗಿಲ್ಲ.

ಮರುಪ್ರಶ್ನೆ:
ಎಎ ಯಾಕೆ ಮೇಡಂ? ಮತ್ತೆ, ಕಾಂಪ್-3 (ಒಂದು ಬೈಟಿನಲ್ಲಿ ಎರಡು ಅಂಕಿ ಇಡುವ ದಶಮಾಂಶ) ಫೀಲ್ಡ್ ಆಗಿದ್ದರೆ ಮೊದಲೇ ಸಾಕ್ ಸೆವೆನ್ (ಕೆಟ್ಟ ಅಂಕಿಗೆ ಜಾಬ್ ನಿಂತುಹೋಗುವ ಎಸ್0ಸಿ7 ದೋಷ) ಬರಬೇಕಿತ್ತಲ್ವಾ?

ಉತ್ತರ:
ಒಳ್ಳೆ ಪ್ರಶ್ನೆ. ಕಾಂಪ್-3ರಲ್ಲಿ ಕೊನೆಯ ಅರ್ಧ ಬೈಟ್ ಚಿಹ್ನೆ, ಅದು ಎ ಇಂದ ಎಫ್ ಒಳಗೆ ಇರಬೇಕು. ಉಳಿದ ಅರ್ಧ ಬೈಟ್‌ಗಳೆಲ್ಲ 0 ಇಂದ 9. ಹಾಗಾಗಿ ಒಂದೇ ಬೈಟನ್ನು ಸಾಲಾಗಿ ತುಂಬಿಸಿದರೆ ಎರಡು ಬೈಟ್‌ಗಿಂತ ಕಮ್ಮಿಯಿಲ್ಲದ ಕಾಂಪ್-3 ಫೀಲ್ಡ್ ಯಾವತ್ತೂ ಸರಿಯಾದ ಸಂಖ್ಯೆ ಆಗಲು ಸಾಧ್ಯವೇ ಇಲ್ಲ. ಕೂಡಲು ಹೋದರೆ ಸಾಕ್ ಸೆವೆನ್. ನಿಮ್ಮ ಸೀನಿಯರ್ ಹಾಕಿದ 00 ಕೂಡ ಅಷ್ಟೇ, ಚಿಹ್ನೆ ಇರಬೇಕಾದ ಕಡೆ ಸೊನ್ನೆ ಇರುತ್ತದೆ. 00 ಹಾಕಿದಾಗ ಅಬೆಂಡ್ (ಜಾಬ್ ಅರ್ಧಕ್ಕೆ ನಿಲ್ಲುವುದು) ಇಲ್ಲದೆ ಎಣಿಕೆ ಸರಿಬಂದಿದೆ ಅಂದರೆ ಆ ಕೌಂಟರ್ ಬಹುತೇಕ ಬೈನರಿ ಕಾಂಪ್. ಹುಡುಕುವ ಜಾಗ ಇಲ್ಲೇ ಅರ್ಧ ಕಮ್ಮಿಯಾಯಿತು ನೋಡಿ.

ಆದರೆ ಬೈನರಿ ಕಾಂಪ್ ಅಬೆಂಡ್ ಆಗುವುದಿಲ್ಲ. ನಾಲ್ಕು ಬೈಟಿನಲ್ಲಿ ಎಎ ತುಂಬಿದರೆ ಅದು -1431655766. ಅದರ ಮೇಲೆ ಒಂದೊಂದೇ ಕೂಡುತ್ತಾ ಸುಮ್ನೆ ಓಡುತ್ತದೆ. ಅದಕ್ಕೇ ನಾನು ಒಂದೇ ಇನ್‌ಪುಟ್‌ಗೆ ಜಾಬನ್ನು ಎರಡು ಸಲ ಓಡಿಸಲು ಹೇಳುತ್ತೇನೆ. ಒಮ್ಮೆ ಎಎ, ಇನ್ನೊಮ್ಮೆ 55. ಎರಡು ಔಟ್‌ಪುಟ್ ಫೈಲನ್ನೂ ಹೋಲಿಸಿ. ಟೈಮ್‌ಸ್ಟ್ಯಾಂಪ್ ಬಿಟ್ಟು ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿಂದ ಹಿಂದಕ್ಕೆ ಹೋಗಿ. ಡಂಪ್ (ಮೆಮೊರಿಯ ಪ್ರತಿ) ಓದಲು ಬರದವರೂ ಮಾಡಬಹುದು.

ಹೋಲಿಸುವಾಗ ಕೋಬಾಲ್‌ನ ಇನಿಶಿಯಲೈಸ್ (ಫೀಲ್ಡ್‌ಗಳಿಗೆ ಆರಂಭದ ಬೆಲೆ ಹಾಕುವ) ಸ್ಟೇಟ್‌ಮೆಂಟನ್ನು ಪೂರ್ತಿ ನಂಬಬೇಡಿ. ಗ್ರೂಪಿಗೆ ಕೊಟ್ಟರೂ ಅದು ಫಿಲ್ಲರ್, ಅಂದರೆ ಹೆಸರಿಲ್ಲದ, ಜಾಗಗಳನ್ನು ಮುಟ್ಟದೆ ಹೋಗುತ್ತದೆ.

ಇನ್ನೊಬ್ಬ ಸದಸ್ಯರು:
ನಮ್ಮದು ಅಸೆಂಬ್ಲರ್, ಲ್ಯಾಂಗ್ವೇಜ್ ಎನ್ವಿರಾನ್ಮೆಂಟ್ ಇಲ್ಲ. ನೇರ ಗೆಟ್‌ಮೇನ್. ನಮಗೇನು ದಾರಿ?

ಉತ್ತರ:
ನಿಮಗೆ ಆಗಲೇ ಹೇಳಿದ ಡಯಾಗ್ ಮೆಂಬರ್. ಅದರಲ್ಲಿ ಟ್ರ್ಯಾಪ್ಸ್ ಅನ್ನುವ ಸ್ಟೇಟ್‌ಮೆಂಟ್ ಇದೆ. ಗೆಟ್‌ಮೇನ್‌ನಲ್ಲಿ ಸಿಕ್ಕ ಜಾಗಕ್ಕೆ ಬೇಕಂತಲೇ ಸೊನ್ನೆಯಲ್ಲದ ಬೆಲೆ ತುಂಬಿಸುವ ಟ್ರ್ಯಾಪ್ ಅಲ್ಲಿ ಸಿಗುತ್ತದೆ. ಸೆಟ್ ಡಯಾಗ್ ಕಮ್ಯಾಂಡ್ ಸಾಕು, ಐಪಿಎಲ್ (ಸಿಸ್ಟಮ್ ರೀಸ್ಟಾರ್ಟ್) ಬೇಡ. ಆದರೆ ಸಿಸ್ಟಮ್ಸ್ ಪ್ರೋಗ್ರಾಮರ್‌ಗೆ ಹೇಳದೆ ಮಾಡಬೇಡಿ. ಇದರ ಪರಿಣಾಮ ನಿಮ್ಮ ಜಾಬಿಗೆ ಮಾತ್ರ ಸೀಮಿತ ಅಂತ ಅಂದುಕೊಳ್ಳಬೇಡಿ. ಪಕ್ಕದ ಟೀಮಿನ ಬಗ್ ಕೂಡ ಅದೇ ದಿನ ಎದ್ದು ಕೂತರೆ ಫೋನ್ ಬರುವುದು ನಿಮಗೇ.

ಮೊದಲ ಪ್ರಶ್ನೆ ಕೇಳಿದವರು:
ಸಿಕ್ಕಿತು ಮೇಡಂ. ಎರಡು ರನ್‌ಗಳಲ್ಲಿ ಟ್ರೈಲರ್ ಎಣಿಕೆ ಬೇರೆ ಬೇರೆ ಬಂತು. ವ್ಯಾಲ್ಯೂ (ಆರಂಭದ ಬೆಲೆ) ಕೊಡದ ಎಸ್‌9(9) ಕಾಂಪ್ ಕೌಂಟರ್, ಅಂದರೆ ಚಿಹ್ನೆಯಿರುವ ಒಂಬತ್ತು ಅಂಕಿಯ ಬೈನರಿ. ಅದಕ್ಕೆ ಸೊನ್ನೆ ಹಾಕುವ ಪ್ಯಾರಾಗ್ರಾಫ್ ಮೊದಲ ಇನ್‌ಪುಟ್ ಫೈಲ್ ಓದಿದ ಮೇಲೆ ಓಡುತ್ತದೆ. ಆ ಫೈಲ್ ಖಾಲಿ ಬಂದ ರಾತ್ರಿ ನೇರವಾಗಿ ಎರಡನೇ ಫೈಲಿಗೆ ಹೋಗುತ್ತದೆ. ವ್ಯಾಲ್ಯೂ ಜೀರೋ ಕೊಟ್ಟೆ. ಈಗ ಎಎ, 55 ಎರಡರಲ್ಲೂ ಔಟ್‌ಪುಟ್ ಒಂದೇ. ಇನ್ನು ಡಿಡಿ ತೆಗೆದುಬಿಡಲಾ?

ಉತ್ತರ:
ದಿನಾ ಯಾಕೆ ಆಗುತ್ತಿರಲಿಲ್ಲ ಅನ್ನುವುದೂ ಗೊತ್ತಾಯಿತಲ್ಲ. ಪ್ರೊಡಕ್ಷನ್‌ಗೆ ಹೋಗುವ ಜೆಸಿಎಲ್‌ನಿಂದ ತೆಗೆಯಿರಿ. ಟೆಸ್ಟ್ ಎಲ್‌ಪಾರ್‌ನಲ್ಲಿ ಮಾತ್ರ ಎಎ ಬೆಲೆಯನ್ನೇ ಡೀಫಾಲ್ಟ್ ಮಾಡಲು ಕೇಳಿ. ಲ್ಯಾಂಗ್ವೇಜ್ ಎನ್ವಿರಾನ್ಮೆಂಟಿನ ಡೀಫಾಲ್ಟ್‌ಗಳಿರುವ ಸಿಇಇಪಿಆರ್‌ಎಂ ಮೆಂಬರ್‌ನಲ್ಲಿ ಹಾಕಿದರೆ ಆಯಿತು. ಸೀನಿಯರ್ ಹಾಕಿಸಿದ 00 ಇನ್ನೂ ಎಲ್ಲಾದರೂ ಉಳಿದಿದೆಯಾ ನೋಡಿ. ಅದು ಇರುವ ತನಕ ಇಂಥ ಬೇರೆ ಕೌಂಟರ್‌ಗಳು ಕಾಣುವುದಿಲ್ಲ.

ಇನ್ನೊಂದು, 4.2ಕ್ಕೆ ಐಬಿಎಂ ಸಪೋರ್ಟ್ 2022ರಲ್ಲೇ ಮುಗಿದಿದೆ. ಯಾವಾಗಾದರೂ 6ಕ್ಕೆ ಹೋಗಲೇಬೇಕು. ಅಲ್ಲಿ ಇನಿಟ್‌ಚೆಕ್ ಆಪ್ಷನ್ ಕೊಟ್ಟರೆ ಬೆಲೆ ಕೊಡದೆ ಬಳಸಿದ ಫೀಲ್ಡ್‌ಗಳಿಗೆ ಕಂಪೈಲ್ ಮಾಡುವಾಗಲೇ ವಾರ್ನಿಂಗ್ ಬರುತ್ತದೆ. ನಮ್‌ಚೆಕ್ ಓಡುವಾಗ ಕೆಟ್ಟ ಕಾಂಪ್-3 ಹಿಡಿಯುತ್ತದೆ. ಮೈಗ್ರೇಷನ್‌ಗೆ ಮುಂಚೆ ಉಳಿದ ಜಾಬ್‌ಗಳನ್ನೂ ಇದೇ ಎರಡು ರನ್ ಮಾಡಿಸಿಬಿಡಿ, ಮುಖ್ಯವಾಗಿ ಖಾಲಿ ಫೈಲ್ ಕೊಟ್ಟು.